ಬಿದಿರಕ್ಕಿ ಗಂಜಿ

ಬಂಬೂ ಬಜಾರಿನಲ್ಲಿ ಕೆಳಗೆ ನಮ್ಮ ಅಂಗಡಿ, ಮೇಲೆ ನಮ್ಮ ಮನೆ. ಗೋಡೆಗೆ ಒರಗಿಸಿಟ್ಟ ಬಿದಿರುಗಳ ತುದಿ ನಮ್ಮ ಕಿಟಕಿಯವರೆಗೂ ಬರುತ್ತಿತ್ತು. ನಾನೂ ತಮ್ಮನೂ ಆ ತುದಿ ಹಿಡಿದು ಅಲ್ಲಾಡಿಸಿದರೆ ಕೆಳಗಿನಿಂದ ಅಬ್ಬಾ ಗದರುತ್ತಿದ್ದರು. ಏಣಿ, ಬಣ್ಣ ಬಳಿಯುವವರು ಕಟ್ಟಿಕೊಳ್ಳುವ ಸಾರುವೆಗೆ ಉದ್ದನೆಯ ಗಳ, ಪೆಂಡಾಲಿನ ಕಂಬ, ಬಿಸಿಲಿಗೆ ಇಳಿಬಿಡುವ ತಟ್ಟಿ, ಇವೇ ನಮ್ಮ ವ್ಯಾಪಾರ. ಗಿರಾಕಿಗಳ ಜೊತೆ ಅಬ್ಬಾ ತಮಿಳು ಆಡುತ್ತಿದ್ದರು, ಲಾರಿಯವರ ಜೊತೆ ಕನ್ನಡ, ಮನೆಯಲ್ಲಿ ದಖ್ಖನಿ. ನನ್ನನ್ನು ಸೇರಿಸಿದ್ದು ಕನ್ನಡ ಶಾಲೆಗೆ. ಹಾಗಾಗಿ ಬರೆಯಲು ಕುಳಿತರೆ ನನಗೆ ಕನ್ನಡವೇ ಬರುತ್ತದೆ. ನಮ್ಮ ಮನೆಯವರ ಮಾತನ್ನೂ ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ.

ಚಿಕ್ಕವಳಿದ್ದಾಗ, ಲಾರಿಯಿಂದ ಮಾಲು ಇಳಿಸುತ್ತಿದ್ದ ಒಂದು ಬೆಳಿಗ್ಗೆ, ಅಬ್ಬಾ ಅವರನ್ನು ಕೇಳಿದ್ದೆ.

"ಇದು ಎಲ್ಲಿ ಬೆಳೆಯುತ್ತೆ?"

"ಕಾಡಲ್ಲಿ."

"ನೀವು ನೋಡಿದ್ದೀರಾ?"

ಅವರು ನಕ್ಕರು. "ಅಂಗಡಿ ಬಿಟ್ಟು ನಾನೆಲ್ಲಿ ಹೋಗ್ಲಿ? ನೀನು ದೊಡ್ಡವಳಾದ್ಮೇಲೆ ಹೋಗಿ ನೋಡ್ಕೊಂಡು ಬಾ."

ಹುಡುಗಾಟಕ್ಕೆ ಅಂದ ಮಾತು. ಆದರೆ ಪಿಯುಸಿ ಮುಗಿದು ನನಗೆ ಅರಣ್ಯಶಾಸ್ತ್ರದ ಪದವಿಗೆ ಸೀಟು ಸಿಕ್ಕಾಗ, ಹೆಣ್ಣುಮಗಳನ್ನು ಕಾಡು ಸುತ್ತೋಕೆ ಕಳಿಸ್ತೀಯಾ ಎಂದು ಸಂಬಂಧಿಕರೆಲ್ಲ ಮನೆಗೆ ಬಂದು ಕೂತರು. ಅಬ್ಬಾ ಅವರಿಗೆಲ್ಲ ಚಹಾ ಕೊಡಿಸಿ, "ನಮ್ಮ ಮಾಲು ಎಲ್ಲಿಂದ ಬರುತ್ತೆ ಅಂತ ಈ ಮನೇಲಿ ಒಬ್ಬರಾದ್ರೂ ತಿಳ್ಕೊಂಡಿರ್ಲಿ ಬಿಡ್ರಿ" ಎಂದು ಕಳಿಸಿಬಿಟ್ಟರು. ನಾನು ಕೆಲಸಕ್ಕೆ ಸೇರಿದ ಕೆಲವೇ ವರ್ಷಗಳಲ್ಲಿ ಅವರು ತೀರಿಕೊಂಡರು. ಕೊನೆಗೂ ಅವರು ಕಾಡು ನೋಡಲಿಲ್ಲ.

ನನ್ನ ಕೆಲಸ ಬಿದಿರಿನದೇ ಆಯಿತು. ನಾನು ಆರಿಸಿಕೊಂಡದ್ದಲ್ಲ. ಸಂಶೋಧನಾ ಸಂಸ್ಥೆಯಲ್ಲಿ ನನಗೆ ಬಿದಿರು ಕೊಟ್ಟರು. ನಗರದಿಂದ ದಕ್ಷಿಣಕ್ಕೆ, ಬೆಟ್ಟಗಳು ಶುರುವಾಗುವಲ್ಲಿ, ಹೆಬ್ಬಿದಿರು ತುಂಬಿದ ಒಂದು ಕಾಡು. ಅಲ್ಲಿ ಕೆಲವು ಮೆಳೆಗಳಿಗೆ ಗುರುತು ಹಾಕಿ, ಪ್ರತಿ ಮಳೆಗಾಲವೂ ಹೋಗಿ, ಎಷ್ಟು ಹೊಸ ಕಳಲೆ ಎದ್ದಿದೆ, ಎಷ್ಟು ಉಳಿದಿದೆ, ಎಷ್ಟು ಗಳ ಕಡಿದರೆ ಮೆಳೆ ತಡೆದುಕೊಳ್ಳುತ್ತದೆ ಎಂದು ನೋಡುವುದು. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಮೆಳೆ ನಿಧಾನವಾಗಿ ಉತ್ತರ ಕೊಡುತ್ತದೆ. ಈ ವರ್ಷ ನಾವು ಮಾಡಿದ್ದು ಸರಿಯೋ ತಪ್ಪೋ ಎಂದು ತಿಳಿಯಲು ಇನ್ನೂ ಕೆಲವು ಮಳೆಗಾಲ ಕಾಯಬೇಕು.

ಹೆಬ್ಬಿದಿರಿನ ಬುಡದಲ್ಲಿ ಮುಳ್ಳಿನ ಕೊಂಬೆಗಳು ಬಲೆಯ ಹಾಗೆ ಹೆಣೆದುಕೊಂಡಿರುತ್ತವೆ. ಕಡಿಯುವವರು ಒಳಗೆ ಕೈ ಹಾಕಲಾಗದೆ ಹೊರಗಿನ ಎಳೆಯ ಗಳಗಳನ್ನೇ ಎದೆಮಟ್ಟದಲ್ಲಿ ಕಡಿದುಬಿಡುತ್ತಾರೆ. ಬೆಳೆದದ್ದು ಒಳಗೇ ಒಣಗುತ್ತದೆ. ಹಾಗಾದರೆ ಮುಳ್ಳು ಸವರಿ ದಾರಿ ಮಾಡಿಕೊಟ್ಟರೆ ಆಯಿತಲ್ಲ ಎಂದು ನಮ್ಮ ತಂಡ ಅಂದುಕೊಂಡಿತು. ಅರ್ಧ ಮೆಳೆಗಳ ಮುಳ್ಳು ಸವರಿದೆವು, ಅರ್ಧ ಹಾಗೇ ಬಿಟ್ಟೆವು. ಮುಂದಿನ ಮಳೆಗಾಲ ಹೋಗಿ ನೋಡಿದರೆ ಸವರಿದ ಮೆಳೆಗಳಲ್ಲಿ ಎದ್ದ ಕಳಲೆಯನ್ನೆಲ್ಲ ಮುಳ್ಳುಹಂದಿಯೂ ಕಡವೆಯೂ ತಿಂದು ಮುಗಿಸಿದ್ದವು. ಮುಳ್ಳು ಬಿಟ್ಟ ಮೆಳೆಗಳಲ್ಲಿ ಕಳಲೆ ಆಳೆತ್ತರ ದಾಟಿತ್ತು. ಆಮೇಲೆ ನಾವು ಬೇರೆ ದಾರಿ ಹುಡುಕಿದೆವು: ಒಂದೇ ಪಕ್ಕದಿಂದ ಬಾಗಿಲಿನಷ್ಟು ತೆರೆದು, ಒಳಗಿನ ಬಲಿತದ್ದನ್ನು ಮಾತ್ರ ಗೆಣ್ಣಿನ ಮೇಲೆ ತಗ್ಗಾಗಿ ಕಡಿದು, ಮತ್ತೆ ಮುಳ್ಳಿನಿಂದಲೇ ಮುಚ್ಚುವುದು. ನನ್ನ ಪ್ರಾಯವೆಲ್ಲ ಇದರಲ್ಲೇ ಹೋಯಿತು. ಮದುವೆಯಾಗಲಿಲ್ಲ. ಕಾಕ್ಸ್ ಟೌನಿನಲ್ಲಿ, ಹಳೆಯ ಮನೆ ಕೆಡವಿ ಕಟ್ಟಿದ ಫ್ಲ್ಯಾಟುಗಳಲ್ಲಿ ಒಂದನ್ನು ತೆಗೆದುಕೊಂಡು ಅಲ್ಲಿದ್ದೆ. ಅಂಗಡಿಯ ಮೇಲಿನ ಮನೆಯಲ್ಲಿ ತಮ್ಮ, ಅವನ ಹೆಂಡತಿ, ನಮ್ಮ ಅಮ್ಮಿ ಇದ್ದರು.

ಅಬ್ಬಾ ಹೋದ ಮೇಲೆ ಅಂಗಡಿಗೆ ಕೂತವನು ತಮ್ಮ. ನನಗಿಂತ ಮೂರು ವರ್ಷ ಚಿಕ್ಕವನು. ದೊಡ್ಡ ಗಂಟಲು, ದೊಡ್ಡ ಹೊಟ್ಟೆ, ಯಾರು ಬಂದರೂ ಮೊದಲು ಚಹಾ. ಭಾನುವಾರ ನಾನು ಹೋದರೆ ರಸೆಲ್ ಮಾರ್ಕೆಟ್ಟಿನಿಂದ ಮಾಂಸ ತಂದು ಅಮ್ಮಿಯ ಮುಂದಿಟ್ಟು, "ಇವತ್ತು ಕಾಡಿನ ಸರ್ಕಾರ ಊಟಕ್ಕೆ ಬಂದಿದೆ" ಎನ್ನುತ್ತಿದ್ದ.

"ನೀನು ಕಡೀಬೇಡ ಅಂತೀಯ, ನಾನು ತಗೊಂಡ್ಬಾ ಅಂತೀನಿ. ಒಂದೇ ಮನೇಲಿ ಎರಡು ಸರ್ಕಾರ, ಆಪಾ."

"ಕಡೀಬೇಡ ಅಂತ ನಾನ್ಯಾವಾಗ ಅಂದೆ? ಯಾವುದನ್ನ ಕಡೀಬೇಕು ಅಂತ ಹೇಳ್ತಿದ್ದೀನಿ ಅಷ್ಟೇ."

"ಹಾಗಾದ್ರೆ ನಿನ್ನ ಕಾಡಿನವರಿಗೆ ಹೇಳು, ಎಳೇದನ್ನ ಕಳಿಸ್ಬೇಡಿ ಅಂತ. ಏಣಿ ಹತ್ತಿದವನು ಕೆಳಗೆ ಬಿದ್ದರೆ ಬೈಯ್ಯೋದು ನನ್ನನ್ನ."

ಅವನೂ ಕಾಡು ನೋಡಿರಲಿಲ್ಲ. ಕರೆದುಕೊಂಡು ಹೋಗುತ್ತೇನೆ ಎಂದು ನಾನು ಹೇಳುತ್ತಲೇ ಇದ್ದೆ, ಬರುತ್ತೇನೆ ಎಂದು ಅವನೂ ಹೇಳುತ್ತಲೇ ಇದ್ದ. ಅಂಗಡಿಗೆ ರಜೆ ಅಂದರೆ ವರ್ಷಕ್ಕೆ ಎರಡು ಹಬ್ಬ. ಹಬ್ಬದ ದಿನ ಯಾರು ಕಾಡಿಗೆ ಹೋಗುತ್ತಾರೆ?

ಹೆಬ್ಬಿದಿರು ಹೂ ಬಿಡುವುದು ಒಂದೇ ಸಲ. ನಲವತ್ತು ವರ್ಷಕ್ಕೂ ಮೇಲೆ ಸುಮ್ಮನೆ ಬೆಳೆದು, ಒಂದು ಕಾಲಕ್ಕೆ ಇಡೀ ಕಾಡೇ ಹೂ ಬಿಟ್ಟು, ಅಕ್ಕಿಯಂಥ ಬೀಜ ಸುರಿಸಿ, ಒಣಗಿ ಸಾಯುತ್ತದೆ. ಈ ಕೆಲಸಕ್ಕೆ ಬಂದವರೆಲ್ಲರ ಮನಸ್ಸಿನಲ್ಲೂ ಒಂದೇ ಪ್ರಶ್ನೆ, ಅದು ನನ್ನ ಕಾಲದಲ್ಲಿ ಬರುತ್ತದೋ ಇಲ್ಲವೋ. ನನ್ನ ನಿವೃತ್ತಿಗೆ ಎರಡು ವರ್ಷ ಇರುವಾಗ, ಒಂದು ಮಳೆಗಾಲ ಕಾಡಿಗೆ ಹೋದರೆ ಯಾವ ಮೆಳೆಯಲ್ಲೂ ಕಳಲೆ ಎದ್ದಿರಲಿಲ್ಲ. ಮಳೆ ಚೆನ್ನಾಗಿತ್ತು. ನೆಲ ಒದ್ದೆಯಾಗಿತ್ತು. ಒಂದಾದ ಮೇಲೊಂದು ಮೆಳೆ ನೋಡುತ್ತಾ ಹೋದೆವು, ಎಲ್ಲೂ ಒಂದು ಮೊಳಕೆ ಇಲ್ಲ. ಜೊತೆಗಿದ್ದ ಕಿರಿಯ ಸಹೋದ್ಯೋಗಿ ನನ್ನ ಮುಖ ನೋಡಿದಳು. ಇಬ್ಬರಿಗೂ ಅರ್ಥವಾಯಿತು. ಹೂ ಬಿಡುವ ಮುಂಚೆ ಬಿದಿರು ಹೊಸದನ್ನು ಹುಟ್ಟಿಸುವುದನ್ನು ನಿಲ್ಲಿಸುತ್ತದೆ.

ಆ ಸಂತೋಷ ಹೇಳಲೆಂದೇ ಭಾನುವಾರ ಅಂಗಡಿಗೆ ಹೋದೆ. ತಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬನ್ನನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಅದ್ದಿದ್ದನ್ನೂ ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದ.

"ಏನಾಯ್ತೋ?"

"ಏನಿಲ್ಲ ಆಪಾ. ರೊಟ್ಟಿ ಇಳೀತಿಲ್ಲ. ಎದೆ ಹತ್ತಿರ ನಿಂತ್ಕೊಳ್ಳುತ್ತೆ. ಗ್ಯಾಸು."

ಅದು ಗ್ಯಾಸಾಗಿರಲಿಲ್ಲ. ಅನ್ನನಾಳದಲ್ಲಿ ಗಂಟು. ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದ ದಿನ ಡಾಕ್ಟರು ನನ್ನನ್ನೂ ಅವನ ಹೆಂಡತಿಯನ್ನೂ ಒಳಗೆ ಕರೆದು ಕೂರಿಸಿದರು. ಆಪರೇಷನ್ ಮಾಡುವ ಹಂತ ದಾಟಿದೆ, ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟು ನೋಡೋಣ, ನುಂಗುವುದು ಸ್ವಲ್ಪ ಸುಲಭವಾಗಬಹುದು ಎಂದರು. ತಮ್ಮನ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಅವರಿಗೆ ಹೇಳ್ಬೇಡಿ ಆಪಾ" ಅಂದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ತಮ್ಮ ನಮ್ಮನ್ನು ನೋಡಿದವನೇ ಎದ್ದು, "ನಡೀರಿ, ಆಟೋ ಸಿಗಲ್ಲ ಆಮೇಲೆ" ಎಂದ. ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆ ಚಳಿಗಾಲವೆಲ್ಲ ಅಮ್ಮಿ ಅಡುಗೆಮನೆಯಲ್ಲೇ ಇದ್ದರು. ಎಂಬತ್ತರ ಹತ್ತಿರದ ಜೀವ, ಮಂಡಿ ಬಾಗುವುದಿಲ್ಲ. ಆದರೂ ಸೊಸೆಯನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಮೂಳೆಯನ್ನು ಗಂಟೆಗಟ್ಟಲೆ ಬೇಯಿಸಿ ಸೋಸಿದ ಶೋರ್ವಾ, ರವೆಯ ಹರೀರಾ, ಅನ್ನವನ್ನು ಹಿಸುಕಿ ಹಾಲಿಗೆ ಕಲಸಿದ್ದು. ಒಂದೊಂದನ್ನೂ ಸಣ್ಣ ಬಟ್ಟಲಲ್ಲಿ ತಂದು ಅವನ ಮುಂದೆ ಕೂರುತ್ತಿದ್ದರು. ಅವನು ಒಂದು ಚಮಚ ತೆಗೆದುಕೊಂಡು, ಕಣ್ಣು ಮುಚ್ಚಿ, ಕತ್ತು ಮುಂದೆ ಮಾಡಿ ನುಂಗಲು ನೋಡುತ್ತಿದ್ದ. ಒಮ್ಮೊಮ್ಮೆ ಇಳಿಯುತ್ತಿತ್ತು. ಬಹಳ ಸಲ ಎದ್ದು ಬಚ್ಚಲಿಗೆ ಓಡುತ್ತಿದ್ದ. ಅಮ್ಮಿ ಬಟ್ಟಲನ್ನು ಎತ್ತಿಕೊಂಡು ಹೋಗಿ ಬೇರೇನನ್ನಾದರೂ ಶುರು ಮಾಡುತ್ತಿದ್ದರು. "ಉಪ್ಪು ಜಾಸ್ತಿಯಾಯ್ತೇನೋ" ಎನ್ನುತ್ತಿದ್ದರು ತಮಗೆ ತಾವೇ.

ಕಾಡು ಹೂ ಬಿಟ್ಟದ್ದೂ ಅದೇ ಚಳಿಗಾಲ. ಎಲೆಗಳೆಲ್ಲ ಉದುರಿ, ಪ್ರತಿ ಗೆಣ್ಣಿನಲ್ಲೂ ಕಂದುಬಣ್ಣದ ಗೊಂಚಲು. ಬೆಟ್ಟದ ಮೇಲಿಂದ ನೋಡಿದರೆ ಹಸಿರು ಎಂಬುದೇ ಇರಲಿಲ್ಲ, ಇಡೀ ಇಳಿಜಾರು ಹಳೆಯ ಗೋಣಿಚೀಲದ ಬಣ್ಣಕ್ಕೆ ತಿರುಗಿತ್ತು. ನಾನು ಇದಕ್ಕಾಗಿಯೇ ಜೀವಮಾನ ಕಾದಿದ್ದೆ. ಆದರೆ ಅಲ್ಲಿ ನಿಂತಾಗ ಫೋನಿಗೆ ಸಿಗ್ನಲ್ ಸಿಗುವ ಜಾಗ ಯಾವುದು, ಇವತ್ತು ಆಸ್ಪತ್ರೆಯಲ್ಲಿ ಏನೆಂದರು, ಇದೇ ನನ್ನ ತಲೆಯಲ್ಲಿತ್ತು.

"ಹೂ ಬಿಟ್ಟಿದೆ" ಎಂದು ತಮ್ಮನಿಗೆ ಹೇಳಿದೆ.

"ತಗೊಂಡ್ಬಾ ಆಪಾ. ಬಿದಿರು ಮಾರಿ ಮಾರಿ ತಲೆ ಬೆಳ್ಳಗಾಯ್ತು, ಅದರ ಹೂ ಹೇಗಿರುತ್ತೆ ಅಂತ ಗೊತ್ತಿಲ್ಲ."

ಅಮ್ಮಿ ಅಲ್ಲೇ ಇದ್ದರು. "ಬೇಡ. ಆ ಹೂ ಮನೆಗೆ ತರಬಾರದು" ಎಂದರು.

ಅಮ್ಮಿಯ ತವರು ಕೊಳ್ಳೇಗಾಲದಾಚೆ, ಕಾಡಂಚಿನ ಒಂದು ಊರು. ಅವರ ಅಜ್ಜಿ ಚಿಕ್ಕವರಿದ್ದಾಗ ಅಲ್ಲಿ ಬಿದಿರು ಹೂ ಬಿಟ್ಟು, ಮರುವರ್ಷ ಬರ ಬಿದ್ದು, ಊರವರೆಲ್ಲ ಬಿದಿರಕ್ಕಿ ಬೇಯಿಸಿ ತಿಂದರಂತೆ. ಆ ವರ್ಷ ಅಜ್ಜಿಯೊಬ್ಬರನ್ನು ಬಿಟ್ಟರೆ ಮನೆಯ ಸಣ್ಣ ಮಕ್ಕಳು ಯಾರೂ ಉಳಿಯಲಿಲ್ಲವಂತೆ. ನಾನು ಈ ಕಥೆಯನ್ನು ಹುಡುಗಿಯಾಗಿದ್ದಾಗಿನಿಂದ ಕೇಳಿದ್ದೆ. ಬೀಜ ಬಿದ್ದಾಗ ಇಲಿಗಳು ಹೆಚ್ಚುತ್ತವೆ, ಬೀಜ ಮುಗಿದ ಮೇಲೆ ಅವು ಹೊಲಕ್ಕೆ ನುಗ್ಗುತ್ತವೆ, ಕಾಯಿಲೆ ತರುತ್ತವೆ, ಅಕ್ಕಿಯದೇನೂ ತಪ್ಪಿಲ್ಲ ಎಂದು ಎಷ್ಟೋ ಸಲ ವಿವರಿಸಿದ್ದೆ. "ಇಲಿ ವಿಷಯ ನನಗೆ ಗೊತ್ತಿಲ್ಲ. ಮಕ್ಕಳು ಸತ್ತಿದ್ದು ಗೊತ್ತು" ಎನ್ನುತ್ತಿದ್ದರು.

ತಮ್ಮ ಕೇಳಿದ್ದನ್ನು ಇಲ್ಲ ಎನ್ನಲು ನನಗಾಗಲಿಲ್ಲ. ಒಂದು ಸಣ್ಣ ಕೊಂಬೆಯನ್ನು ಕಾಗದದಲ್ಲಿ ಸುತ್ತಿ ತಂದೆ. ಮನೆಯೊಳಗೆ ತರಲಿಲ್ಲ. ಅಮ್ಮಿಯ ಮಾತೂ ಉಳಿಯಲಿ ಎಂದು ಅವನನ್ನೇ ಮೆಲ್ಲಗೆ ಅಂಗಡಿಗೆ ಇಳಿಸಿಕೊಂಡು ಬಂದೆ. ಅವನು ಕುರ್ಚಿಯಲ್ಲಿ ಕೂತು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇಷ್ಟೇನಾ?"

"ಇಷ್ಟೇ."

"ಇದಕ್ಕಾ ನೀನು ಮೂವತ್ತು ವರ್ಷ ಕಾದಿದ್ದು? ಪೊರಕೆ ಥರ ಇದೆಯಲ್ಲ ಆಪಾ!"

ನಗು ಬಂತು ಅವನಿಗೆ. ನಕ್ಕರೆ ನೋವಾಗುತ್ತಿತ್ತು. ಎದೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ರಸ್ತೆಯಲ್ಲಿ ಹೋಗುತ್ತಿದ್ದವರು ನಮ್ಮನ್ನು ನೋಡಿದರು. ಅವನ ಕಾಯಿಲೆ ಶುರುವಾದ ಮೇಲೆ ನಾವಿಬ್ಬರೂ ಹಾಗೆ ನಕ್ಕದ್ದು ಅದೊಂದೇ ಸಲ.

ಅಷ್ಟರಲ್ಲಿ ಅರಣ್ಯ ಇಲಾಖೆಯಿಂದ ನಮ್ಮ ಸಂಸ್ಥೆಗೆ ಕರೆ ಬಂತು. ಹೂ ಬಿಟ್ಟ ಕಾಡನ್ನು ಏನು ಮಾಡಬೇಕು ಎಂದು ಸಭೆ. ಒಣಗಿದ ಬಿದಿರು ಬೆಂಕಿಗೆ ತುತ್ತಾಗುತ್ತದೆ, ಈಗಲೇ ಕಡಿದು ಸಾಗಿಸೋಣ ಎಂದು ಕೆಲವರು. ನಾನು ಎದ್ದು ನಿಂತು, ಬೀಜ ಉದುರುವ ತನಕ ಯಾರೂ ಒಳಗೆ ಹೋಗಬಾರದು, ಆಮೇಲೆ ದಾರಿಗಳ ಪಕ್ಕದ ಒಣಗಿದ್ದನ್ನು ಮಾತ್ರ ಮೊದಲು ತೆಗೆದು ಬೆಂಕಿಗೆ ತಡೆ ಮಾಡಬೇಕು, ಸಸಿಗಳು ಹುಲ್ಲಿನ ಹಾಗೇ ಕಾಣುತ್ತವೆ, ಆದ್ದರಿಂದ ಕೆಲವು ವರ್ಷ ದನ ಬಿಡಬಾರದು ಎಂದೆ. "ಈ ಬೀಜ ತಪ್ಪಿದರೆ ಇಲ್ಲಿ ಕೂತಿರೋ ಯಾರೂ ಇನ್ನೊಂದು ಸಲ ಬೀಜ ನೋಡಲ್ಲ." ಎಲ್ಲರೂ ತಲೆಯಾಡಿಸಿದರು. ಕೊನೆಗೆ ಕಾಡನ್ನು ಎರಡು ಭಾಗ ಮಾಡಿದರು. ನಡುವಿನ ಹಳ್ಳದ ಆಚೆಯ ಭಾಗವನ್ನು ನಾನು ಹೇಳಿದ ಹಾಗೆ ಬಿಡುವುದು, ಈಚೆಯ ಭಾಗದಲ್ಲಿ ಕಡಿತ ಶುರು ಮಾಡುವುದು. ಅರ್ಧ ಸಿಕ್ಕಿತಲ್ಲ ಎಂದುಕೊಂಡೆ.

ಕೆಲವೇ ವಾರಗಳಲ್ಲಿ ಒಣಬಿದಿರು ಲಾರಿಗಟ್ಟಲೆ ನಮ್ಮ ಬಜಾರಿಗೇ ಬಂತು. ತಮ್ಮ ಮೇಲಿನ ಕಿಟಕಿಯಿಂದ ನೋಡುತ್ತಾ, "ಏಣಿಗೆ ಕೊಡ್ಬೇಡ್ರೋ ಅದನ್ನ, ಮುರಿಯುತ್ತೆ, ತಟ್ಟಿಗೆ ಮಾತ್ರ" ಎಂದು ಕೂಗಲು ಹೋದ. ದನಿ ಕೆಳಗೆ ಅಂಗಡಿಯ ಆಳುಗಳಿಗೆ ಮುಟ್ಟಲಿಲ್ಲ. ಅವನ ಹೆಂಡತಿ ಇಳಿದು ಹೋಗಿ ಹೇಳಿಬಂದಳು.

ಬೇಸಿಗೆಯಲ್ಲಿ ಬೀಜ ಉದುರಿತು. ಕಾಡಂಚಿನ ಹೆಂಗಸರು ಮೆಳೆಯ ಕೆಳಗೆ ನೆಲ ಗುಡಿಸಿ, ಮೊರದಲ್ಲಿ ಕೇರಿ, ರಸ್ತೆ ಬದಿಯಲ್ಲಿ ರಾಶಿ ಹಾಕಿಕೊಂಡು ಮಾರುತ್ತಿದ್ದರು. ಈ ಸಂಗತಿಯನ್ನು ತಮ್ಮನಿಗೆ ಹೇಳಿದ್ದು ನಾನೇ, ಸುಮ್ಮನೆ ಮಾತಿಗೆ. ಅವನು ಆಗ ಹಾಸಿಗೆ ಹಿಡಿದಿದ್ದ. ಕರೆಂಟಿನ ಚಿಕಿತ್ಸೆ ಮುಗಿದು ಸ್ವಲ್ಪ ದಿನ ನುಂಗುವುದು ಸುಲಭವಾಗಿ, ಮತ್ತೆ ಕಷ್ಟವಾಗಿತ್ತು.

"ಹೇಗಿರುತ್ತೆ ರುಚಿ?"

"ಗೋಧಿ ಥರ ಇರುತ್ತೆ ಅಂತಾರೆ. ನಾನೂ ತಿಂದಿಲ್ಲ."

"ಗಂಜಿ ಆಗುತ್ತಾ?"

"ಆಗುತ್ತೆ."

"ಮಾಡ್ಕೊಡು ಆಪಾ. ಶೋರ್ವಾ ನೋಡಿದ್ರೇನೇ ಹೊಟ್ಟೆ ತೊಳಸುತ್ತೆ." ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಅಮ್ಮಿಗೆ ಹೇಳೋಕಾಗಲ್ಲ ನನ್ನ ಕೈಲಿ."

ಡಾಕ್ಟರನ್ನು ಕೇಳಿದೆ. ತೆಳ್ಳಗೆ ಸೋಸಿ ಕೊಟ್ಟರೆ ಯಾವ ಗಂಜಿಯಾದರೇನು, ಅವರಿಗೆ ಇಷ್ಟವಾದದ್ದನ್ನು ಕೊಡಿ ಎಂದರು. ಮುಂದಿನ ಸಲ ಕಾಡಿಗೆ ಹೋದಾಗ ರಸ್ತೆ ಬದಿಯಲ್ಲಿ ಒಂದು ಚೀಲ ಕೊಂಡು ತಂದೆ. ಅಮ್ಮಿಯ ಒಲೆಯ ಮೇಲೆ ಅದನ್ನು ಇಡುವ ಹಾಗಿರಲಿಲ್ಲ. ನನ್ನ ಮನೆಯಲ್ಲೇ ನೆನೆಸಿ, ರುಬ್ಬಿ, ಬೇಯಿಸಿ, ತೆಳುಬಟ್ಟೆಯಲ್ಲಿ ಸೋಸಿ, ಚಿಟಿಕೆ ಉಪ್ಪು ಹಾಕಿ, ಡಬ್ಬಿಗೆ ತುಂಬಿಕೊಂಡು ಆಟೋದಲ್ಲಿ ಬಂದೆ. ಡಬ್ಬಿ ಬಿಸಿಯಾಗಿತ್ತು, ದುಪಟ್ಟಾದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದೆ.

ಅಮ್ಮಿ ಬಾಗಿಲಲ್ಲೇ ಕೇಳಿದರು, "ಏನದು?"

ಸುಳ್ಳು ಹೇಳಲಿಲ್ಲ. "ಬಿದಿರಕ್ಕಿ ಗಂಜಿ. ಅವನೇ ಕೇಳಿದ."

ಅಮ್ಮಿ ನನ್ನನ್ನು ತಡೆಯಲಿಲ್ಲ. ಗೋಡೆಗೆ ಒರಗಿ ದಾರಿ ಬಿಟ್ಟರು. ತಮ್ಮ ದಿಂಬಿಗೆ ಒರಗಿ ಕೂತ. ಒಂದು ಚಮಚ. ಕತ್ತು ಮುಂದೆ ಮಾಡಿ ನುಂಗಿದ. ಇಳಿಯಿತು. ಇನ್ನೊಂದು. ಅದೂ ಇಳಿಯಿತು. ಅವನ ಹೆಂಡತಿ ಹಾಸಿಗೆಯ ತುದಿಯಲ್ಲಿ ನಿಂತು ಬಾಯಿಗೆ ಸೆರಗು ಹಿಡಿದಿದ್ದಳು. ಬಟ್ಟಲು ಖಾಲಿಯಾಗುವ ತನಕ ಕುಡಿದ. ಆಮೇಲೆ ತುಟಿ ಒರೆಸಿಕೊಂಡು, "ಕಾಡು ನೋಡ್ಲಿಲ್ಲ, ಕಾಡು ಉಂಡೆ" ಎಂದ. ಅವನಿಗೆ ತನ್ನ ಮಾತು ತನಗೇ ಇಷ್ಟವಾಯಿತು. ಇನ್ನೊಂದು ಸಲ ಹೇಳಿದ. ಅಮ್ಮಿ ಅಷ್ಟೂ ಹೊತ್ತು ಬಾಗಿಲಿನ ಹತ್ತಿರವೇ ನಿಂತಿದ್ದರು.

ಆ ವಾರ ಕಳೆಯುವುದರೊಳಗೆ ತಮ್ಮ ತೀರಿಕೊಂಡ. ಬೆಳಗಿನ ಹೊತ್ತು ರಕ್ತ ವಾಂತಿಯಾಯಿತು, ಆಸ್ಪತ್ರೆ ತಲುಪುವ ಮುಂಚೆ ಎಲ್ಲ ಮುಗಿದಿತ್ತು. ಗಂಟು ರಕ್ತನಾಳಕ್ಕೆ ತಗುಲಿದರೆ ಹೀಗಾಗುತ್ತದೆ ಎಂದು ಡಾಕ್ಟರು ಮೊದಲೇ ನಮಗೆ ಎಚ್ಚರಿಸಿದ್ದರು. ಗಂಜಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ ಎಂಬುದು ನನಗೆ ಗೊತ್ತು. ಅಂದು ಮಧ್ಯಾಹ್ನ ಗಂಡಸರು ಅವನನ್ನು ಹೊತ್ತು ಖಬರಸ್ತಾನಕ್ಕೆ ಹೊರಟ ಮೇಲೆ, ಹೆಂಗಸರ ನಡುವೆ ಕೂತಿದ್ದ ಅಮ್ಮಿ ನನ್ನನ್ನು ನೋಡಿ ಹೇಳಿದರು:

"ಬೇಡ ಅಂದಿದ್ದೆ. ನೀನು ಉಣ್ಣಿಸಿದೆ."

ಮಗನನ್ನು ಆಗಷ್ಟೇ ಕಳಿಸಿದ ತಾಯಿಗೆ ಏನು ಹೇಳುವುದು? ಅನ್ನನಾಳದ ವಿಷಯ ಹೇಳಲೇ, ರಕ್ತನಾಳದ ವಿಷಯ ಹೇಳಲೇ?

ಅಂಗಡಿ ನಡೆಸಲು ಯಾರೂ ಇರಲಿಲ್ಲ. ತಮ್ಮನಿಗೆ ಒಬ್ಬಳೇ ಮಗಳು, ಮದುವೆಯಾಗಿ ಕೆ.ಆರ್. ಪುರದಲ್ಲಿದ್ದಾಳೆ. ಮನೆ, ಅಂಗಡಿ ಎರಡನ್ನೂ ಕೊಟ್ಟೆವು. ಕೊಂಡವರು ಕೆಡವಿ ಪ್ಲೈವುಡ್ಡಿನ ಷೋರೂಂ ಕಟ್ಟಿದರು. ತಮ್ಮನ ಹೆಂಡತಿ ಮಗಳ ಮನೆಗೆ ಹೋದಳು. ಅಮ್ಮಿ ನನ್ನ ಜೊತೆ ಬಂದರು. ಬೇರೆಲ್ಲಿ ಹೋಗುತ್ತಾರೆ?

ಬಂದ ಮೊದಲ ದಿನ ಅನ್ನ ಸಾರು ಮಾಡಿ ತಟ್ಟೆ ಇಟ್ಟೆ. "ಹಸಿವಿಲ್ಲ" ಎಂದರು. ಮರುದಿನವೂ ಹಸಿವಿರಲಿಲ್ಲ. ಆದರೆ ಪಕ್ಕದ ಮನೆಯ ಕ್ರಿಶ್ಚಿಯನ್ ಹೆಂಗಸು ಅಪ್ಪಂ ತಂದುಕೊಟ್ಟರೆ ತಿಂದರು. ಬೇಕರಿಯ ರಸ್ಕನ್ನು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದರು. ಆಗ ನನಗೆ ತಿಳಿಯಿತು. ನನ್ನ ಕೈಯಡುಗೆಯನ್ನು ಅಮ್ಮಿ ಮುಟ್ಟುತ್ತಿರಲಿಲ್ಲ. ಜಗಳವಿಲ್ಲ, ಮಾತಿಲ್ಲ. ಮಾತ್ರೆ ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ತಲೆ ಬಾಚಿದರೆ ಬಾಚಿಸಿಕೊಳ್ಳುತ್ತಿದ್ದರು. ತಟ್ಟೆಯನ್ನು ಮಾತ್ರ ಮೆಲ್ಲಗೆ ಆಚೆ ಸರಿಸುತ್ತಿದ್ದರು. ವಿಷಯ ತಿಳಿದ ತಮ್ಮನ ಹೆಂಡತಿ ಕೆ.ಆರ್. ಪುರದಿಂದ ಎರಡು ದಿನಕ್ಕೊಮ್ಮೆ ಮೆಟ್ರೋದಲ್ಲಿ ಹಲಸೂರಿಗೆ ಬಂದು, ಅಲ್ಲಿಂದ ಆಟೋ ಹಿಡಿದು, ಕ್ಯಾರಿಯರಿನಲ್ಲಿ ಊಟ ತರತೊಡಗಿದಳು. ನಾನು ಅದನ್ನು ಬಿಸಿ ಮಾಡಿ ಕೊಡುತ್ತಿದ್ದೆ. ಬಿಸಿ ಮಾಡಬಹುದಿತ್ತು, ಬೇಯಿಸುವ ಹಾಗಿರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿತ್ತು. ಈಚೆಯ ಭಾಗದಲ್ಲಿ ಕಡಿದವರು ಸೊಪ್ಪುಸದೆಯನ್ನೆಲ್ಲ ಅಲ್ಲಲ್ಲೇ ಬಿಟ್ಟು ಹೋಗಿದ್ದರು. ಬೆಂಕಿ ಅಲ್ಲಿ ಹುಟ್ಟಿ, ಗಾಳಿಗೆ ಹಳ್ಳ ದಾಟಿ, ನಾವು ಕಾಪಾಡಿದ್ದ ಕಡೆಗೂ ಬಂತು. ಕಿರಿಯ ಸಹೋದ್ಯೋಗಿ ಫೋನ್ ಮಾಡಿ, "ಮೇಡಂ, ನೀವು ಬರಬೇಡಿ, ನಾನೇ ನೋಡ್ಕೊಂಡು ಹೇಳ್ತೀನಿ" ಎಂದಳು. ಆದರೂ ಹೋದೆ. ಮಳೆಗಾಲದಲ್ಲಿ ಎದ್ದ ಸಸಿಗಳು ಅಲ್ಲಿ ಹಸಿರು ಚಾಪೆ ಹಾಸಿದ ಹಾಗೆ ಇದ್ದುದನ್ನು ನೋಡಿದ್ದೆ. ಈಗ ಕಾಲಿಟ್ಟಲ್ಲೆಲ್ಲ ಬೂದಿ ಏಳುತ್ತಿತ್ತು. ದೊಡ್ಡ ಮೆಳೆಗಳು ಸತ್ತಿದ್ದವು, ಅವುಗಳ ಮಕ್ಕಳೂ ಸುಟ್ಟಿದ್ದವು. ಹಳ್ಳದ ಅಂಚಿನ ತೇವದ ಪಟ್ಟಿಯಲ್ಲಿ ಮಾತ್ರ ಒಂದಷ್ಟು ಉಳಿದಿತ್ತು. ಸಹೋದ್ಯೋಗಿ ಮೊಣಕಾಲೂರಿ ಅವುಗಳ ನಡುವಿನ ಒಣಹುಲ್ಲನ್ನು ಕೈಯಿಂದ ತೆಗೆಯುತ್ತಿದ್ದಳು. ನಾನೂ ಅವಳ ಪಕ್ಕ ಕೂತು ತೆಗೆದೆ. ಆ ಕಾಡಿನಲ್ಲಿ ನಾನು ಮಾಡಿದ ಕೊನೆಯ ಕೆಲಸ ಅದೇ. ಆ ವರ್ಷವೇ ನಿವೃತ್ತಳಾದೆ. ಆ ಪಟ್ಟಿಯನ್ನು ಈಗ ಅವಳು ನೋಡಿಕೊಳ್ಳುತ್ತಿದ್ದಾಳೆ. ಸುತ್ತ ಬೇಲಿ ಹಾಕಿಸಿದ್ದಾಳೆ. ಸೊಂಟದೆತ್ತರ ಬಂದಿವೆ ಎನ್ನುತ್ತಾಳೆ. ಅಷ್ಟು ಸಣ್ಣ ಪಟ್ಟಿಯಿಂದ ಆ ಇಳಿಜಾರು ತುಂಬುವುದಿಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು.

ಬೆಂಕಿ ನೋಡಿ ಮನೆಗೆ ಬಂದ ಸಂಜೆ ನನ್ನ ಬಟ್ಟೆಯಲ್ಲೆಲ್ಲ ಹೊಗೆಯ ವಾಸನೆ. ತಮ್ಮನ ಹೆಂಡತಿ ಅಂದು ಅಮ್ಮಿಯ ಜೊತೆ ಇರಲು ಬಂದಿದ್ದಳು. ಬಾಗಿಲು ತೆರೆದವಳು, "ಏನಾಯ್ತು ಆಪಾ?" ಎಂದಳು. ನಾನು ಚಪ್ಪಲಿ ಬಿಡುತ್ತಾ, "ಎಲ್ಲ ಸುಟ್ಟುಹೋಯ್ತು" ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು. ತಮ್ಮ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ. ಹೊಸ್ತಿಲಲ್ಲೇ ಕೂತು ಅತ್ತೆ. ತಮ್ಮನ ಹೆಂಡತಿ ನನ್ನ ಬೆನ್ನು ಸವರುತ್ತಾ, ಒಳಗೆ ಕೂತಿದ್ದ ಅಮ್ಮಿಯ ಕಡೆ ತಿರುಗಿ, ಇಷ್ಟು ದಿನ ತಡೆದುಕೊಂಡಿದ್ದನ್ನು ಹೇಳಿದಳು:

"ಸಾಕು ಮಾಡಿ ಅಮ್ಮಿ. ಅವರನ್ನ ಗಂಜಿ ಕೊಂದಿಲ್ಲ. ನಿಮಗೂ ಗೊತ್ತು."

ಅಮ್ಮಿ ಹೇಳಿದರು:

"ಗೊತ್ತು. ಗಂಜಿ ಕೊಲ್ಲಲಿಲ್ಲ ಅಂತ ನನಗೂ ಗೊತ್ತು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. "ಎಷ್ಟು ತಿಂಗಳು ಬೇಯಿಸಿದೆ ನಾನು. ಒಂದು ಬಟ್ಟಲು ಪೂರ್ತಿ ಉಣ್ಣಲಿಲ್ಲ ಅವನು. ನನ್ನದು ಒಂದೂ ಇಳೀಲಿಲ್ಲ. ನಿಂದು ಪೂರ್ತಿ ಕುಡಿದ. ಕುಡಿದು ನಕ್ಕ."

ತಮ್ಮನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಎದ್ದು ಒಳಗೆ ಹೋಗಿ ಅಮ್ಮಿಯ ಕಾಲಿನ ಹತ್ತಿರ ಕೂತೆ. ಅವನಿಗೆ ನಿಮ್ಮ ಶೋರ್ವಾ ಎಷ್ಟು ಇಷ್ಟ ಎಂದು ಹೇಳಬೇಕೆನಿಸಿತು. ಅದು ನಿಜ. ಆರೋಗ್ಯವಾಗಿದ್ದಾಗ ಬಟ್ಟಲನ್ನು ಬಾಯಿಗೇ ಎತ್ತಿ ಕುಡಿಯುತ್ತಿದ್ದ. ಆದರೆ ಅವನು ನನ್ನ ಹತ್ತಿರ ದನಿ ತಗ್ಗಿಸಿ ಹೇಳಿದ ಇನ್ನೊಂದು ಮಾತೂ ನನ್ನ ಕಿವಿಯಲ್ಲಿತ್ತು. ಅಮ್ಮಿ ನನ್ನ ತಲೆಯ ಮೇಲೆ ಕೈಯಿಟ್ಟು, "ಹೊಗೆ ವಾಸನೆ. ಹೋಗಿ ಸ್ನಾನ ಮಾಡು" ಎಂದರು.

ಸ್ನಾನ ಮಾಡಿ ಬರುವಷ್ಟರಲ್ಲಿ ತಮ್ಮನ ಹೆಂಡತಿ ಹಿಟ್ಟು ಕಲಸಿಟ್ಟಿದ್ದಳು. ಹೊತ್ತಾಯಿತು, ಮೆಟ್ರೋಗೆ ಹೊರಡಬೇಕು ಎಂದಳು. ರೊಟ್ಟಿ ತಟ್ಟಿ ಬೇಯಿಸಿದವಳು ನಾನು. ಅಮ್ಮಿ ಒಂದು ರೊಟ್ಟಿ ಮುರಿದು ತಿಂದರು.

ಈಗ ನಾನು ಮಾಡಿದ ಅನ್ನ, ರೊಟ್ಟಿ, ಸಾರು ಎಲ್ಲವನ್ನೂ ಉಣ್ಣುತ್ತಾರೆ. ಉಪ್ಪು ಕಡಿಮೆ ಎಂದು ಬೈಯುತ್ತಾರೆ. ಶುಕ್ರವಾರ ತಮ್ಮನ ಹೆಂಡತಿ ಬಂದರೆ ಮೂವರೂ ಒಟ್ಟಿಗೆ ಕೂರುತ್ತೇವೆ. ಗಂಜಿಯನ್ನು ಮಾತ್ರ ನಮ್ಮ ಮನೆಯಲ್ಲಿ ಯಾರೂ ಮಾಡುವುದಿಲ್ಲ. ಹೋದ ತಿಂಗಳು ಅಮ್ಮಿಗೆ ಜ್ವರ ಬಂದು ಬಾಯಿಗೆ ಏನೂ ಸೇರುತ್ತಿರಲಿಲ್ಲ. ಗಂಜಿ ಮಾಡಲೇ ಎಂದು ನಾನು ಕೇಳಲಿಲ್ಲ, ಮಾಡು ಎಂದು ಅವರೂ ಹೇಳಲಿಲ್ಲ. ಬೀದಿಯ ಮೂಲೆಯಿಂದ ಬ್ರೆಡ್ ತಂದು, ಅಂಚು ಕತ್ತರಿಸಿ, ಹಾಲಿನಲ್ಲಿ ನೆನೆಸಿ ಕೊಟ್ಟೆ.